ಗಿಡವಾಗಿ ಬಗ್ಗದ್ದು

ನಮ್ಮ ಸೀಮೆಯಲ್ಲಿ ಗಾದೆಯೊಂದು ಹಿರಿಯರ ಬಾಯಿಂದ ಹೊರಬಿದ್ದಿತೆಂದರೆ ವಾದವು ಅಲ್ಲಿಗೆ ಮುಗಿಯಿತೆಂದೇ ಅರ್ಥ. ಶಾಸ್ತ್ರವಾಕ್ಯಕ್ಕೆ ಎದುರಾಡಿದವರುಂಟು, ಭಾಷ್ಯ ಬರೆದು ಅದರ ಅರ್ಥವನ್ನು ತಮ್ಮ ಕಡೆಗೆ ತಿರುಗಿಸಿಕೊಂಡವರುಂಟು. ಗಾದೆಗೆ ಎದುರಾಡಿದವರನ್ನು ಮಾತ್ರ ನಾವು ಕಂಡಿಲ್ಲ. ಅಂಥ ಗಾದೆಗಳಲ್ಲಿ 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?' ಎಂಬುದೊಂದು. ಉಪಾಧ್ಯಾಯವೃತ್ತಿಯಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಕಳೆದು ಈಗ ವಿಶ್ರಾಂತರಾಗಿರುವ ನಾವು ಈ ಮಾತನ್ನು ಎಷ್ಟು ಸಲ ಕೇಳಿರುವೆವೋ ಲೆಕ್ಕವಿಲ್ಲ. ಮಗುವನ್ನು ಬಡಿಯುವ ತಂದೆಯೂ ಇದನ್ನೇ ಹೇಳುವನು. ಬಡಿದು ಸಾಕಾಗಿ ಕೈಬಿಟ್ಟ ತಂದೆಯೂ ಇದನ್ನೇ ಹೇಳುವನು. ಒಂದೇ ಸಾಕ್ಷಿಯು ಎರಡು ವಿರುದ್ಧ ಪಕ್ಷಗಳಿಗೂ ಅನುಕೂಲವಾಗಿ ನುಡಿಯುವುದಾದರೆ ಆ ಸಾಕ್ಷಿಯನ್ನು ಒಮ್ಮೆ ಚೆನ್ನಾಗಿ ವಿಚಾರಿಸಿ ನೋಡುವುದು ನ್ಯಾಯವಷ್ಟೆ.

ನಾವಿರುವುದು ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿಯಲ್ಲಿ. ಆಂಧ್ರದ ಗಡಿ ಇಲ್ಲಿಗೆ ಸಮೀಪ. ಆದುದರಿಂದ ಬೀದಿಯಲ್ಲಿ ಕನ್ನಡ ಎಷ್ಟು ಕೇಳುವುದೋ ತೆಲುಗೂ ಹೆಚ್ಚುಕಡಮೆ ಅಷ್ಟೇ ಕೇಳುವುದು. ಮಳೆ ಕಡಮೆ, ಕಡಲೆಕಾಯಿ ಮತ್ತು ರಾಗಿಯ ಬೇಸಾಯ. ನಮ್ಮ ಬೀದಿಯ ಎರಡು ಮನೆಗಳಲ್ಲಿ ಕಳೆದ ವರ್ಷ ಇಬ್ಬರು ಮಕ್ಕಳ ವಿಷಯವಾಗಿ ಮಾತುಕತೆ ನಡೆಯಿತು. ಒಂದು ಮನೆಯಲ್ಲಿ ಎರಡು ವರ್ಷದ ಹೆಣ್ಣುಮಗು. ಹೆಸರು ಹಿಡಿದು ಕೂಗಿದರೆ ತಿರುಗದು. 'ಅಮ್ಮ' ಎಂಬುದೊಂದರ ಹೊರತು ಬೇರೆ ನುಡಿಯಿಲ್ಲ. ಅದನ್ನಾದರೂ ತಾಯಿಯ ತುಟಿ ನೋಡಿಕೊಂಡೇ ಆಡುವಂತೆ ತೋರುತ್ತಿತ್ತು. ಅಜ್ಜಿಯು, "ಇವಳ ಅಪ್ಪನೂ ಮೂರು ತುಂಬಿದ ಮೇಲೇ ಮಾತಾಡಿದ್ದು, ಮೇಷ್ಟ್ರೇ. ಅವಸರ ಏನು? ತಾನಾಗಿ ಬರ್ತದೆ" ಎಂದರು. ಇನ್ನೊಂದು ಮನೆಯಲ್ಲಿ ಹದಿನಾರು ವರ್ಷದ ಹುಡುಗ. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಮೂರು ವಿಷಯಗಳು ಹೋಗಿದ್ದವು. ತಂದೆಯು ಬೆಂಗಳೂರಿನ ಬೇಕರಿಯೊಂದರಲ್ಲಿ ಕೆಲಸ ಗೊತ್ತುಮಾಡಿ ಬಸ್ಸಿನ ದಿನವನ್ನೂ ನಿಶ್ಚಯಿಸಿದ್ದನು. "ಇವನ ತಲೆಗೆ ಓದು ಹತ್ತಾಕಿಲ್ಲ ಸ್ವಾಮಿ. ಹದಿನಾರು ತುಂಬಿತು, ಇನ್ನೇನು ಬಗ್ಗಾನು?" ಎಂಬುದು ಅವನ ಮಾತು.

ಈ ಎರಡು ಮನೆಗಳ ನಡುವೆ ಇರುವುದು ನಾಲ್ಕೇ ಬಾಗಿಲುಗಳ ಅಂತರ. ಒಂದರಲ್ಲಿ ಕಾಯುವೆವೆಂದರು, ಇನ್ನೊಂದರಲ್ಲಿ ಕಾಲ ಮೀರಿತೆಂದರು. ನಮಗೆ ತೋರಿದುದು ಇದಕ್ಕೆ ತದ್ವಿರುದ್ಧ: ಕಾಲ ಮೀರುತ್ತಿದ್ದುದು ಹೆಣ್ಣುಮಗುವಿಗೆ, ಕಾಯಬೇಕಾಗಿದ್ದುದು ಹುಡುಗನಿಗೆ. ಹೀಗೇಕೆಂಬುದನ್ನು ವಾಚಕರ ಮುಂದಿಡುವುದೇ ಈ ಬರಹದ ಉದ್ದೇಶ. ನಾವು ವೈದ್ಯರಲ್ಲ, ಸಂಸ್ಕೃತವನ್ನು ಓದಿ, ಹಳ್ಳಿಯ ಮಕ್ಕಳಿಗೆ ಅಕ್ಷರ ಕಲಿಸಿದವರು. ಆದರೆ ಮಿದುಳಿನ ವಿಷಯದಲ್ಲಿ ಈಚಿನ ಪಂಡಿತರು ಕಂಡುಕೊಂಡಿರುವ ಕೆಲವು ಸಂಗತಿಗಳು ಉಪಾಧ್ಯಾಯನಿಗೂ ಗೃಹಸ್ಥನಿಗೂ ಅವಶ್ಯವಾಗಿ ತಿಳಿದಿರತಕ್ಕವು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಿದುಳುಗಳ ಒಂದು ಸಂಗ್ರಹಾಲಯವುಂಟು. ದಾನವಾಗಿ ಬಂದ ಮಿದುಳುಗಳನ್ನು ಸಂಶೋಧನೆಗಾಗಿ ಕಾಪಿಡುವ ಭಂಡಾರವೊಂದು ಅಲ್ಲಿ 1995ರಿಂದ ನಡೆದುಬಂದಿದೆ. ಕೆಲವು ವರ್ಷಗಳ ಹಿಂದೆ ನಾವು ಅಲ್ಲಿಗೆ ಹೋಗಿದ್ದಾಗ ಮಾನವನ ಮಿದುಳೊಂದನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ ದೊರೆಯಿತು. ಒಬ್ಬ ಮನುಷ್ಯನ ಸಮಸ್ತ ಪ್ರೀತಿ, ವೈರ, ಲೆಕ್ಕಾಚಾರ, ಕಂಠಪಾಠಗಳಿಗೆ ಆಶ್ರಯವಾಗಿದ್ದ ವಸ್ತು ಒಂದೂಕಾಲು ಸೇರಿನಷ್ಟೂ ಭಾರವಿದ್ದಂತೆ ತೋರಲಿಲ್ಲ. ಹುಟ್ಟಿದ ಶಿಶುವಿನ ಮಿದುಳು ಸುಮಾರು 350ರಿಂದ 400 ಗ್ರಾಂ ತೂಗುವುದಂತೆ; ಪ್ರೌಢನದು ಸುಮಾರು 1,300ರಿಂದ 1,400 ಗ್ರಾಂ. ಆರನೆಯ ವರ್ಷದ ಹೊತ್ತಿಗೆಲ್ಲ ಮಿದುಳು ತನ್ನ ಪೂರ್ಣ ಗಾತ್ರದ ಹತ್ತರಲ್ಲಿ ಒಂಬತ್ತು ಪಾಲು ಬೆಳೆದುಬಿಟ್ಟಿರುವುದು. ಗಾತ್ರವನ್ನೇ ಪ್ರಮಾಣವಾಗಿ ತೆಗೆದುಕೊಂಡರೆ ಗಾದೆಯೇ ಗೆದ್ದಂತೆ. ಆದರೆ ಮನೆಯ ಗೋಡೆ ಎದ್ದ ಮಾತ್ರಕ್ಕೆ ಸಂಸಾರ ಹೂಡಿದಂತಾಗುವುದೆ?

ಮಿದುಳಿನ ಮುಖ್ಯ ಕಸಬುದಾರರು ನರಕೋಶಗಳು. ಪ್ರೌಢನ ಮಿದುಳಿನಲ್ಲಿ ಇವು ಸುಮಾರು 8,600 ಕೋಟಿ ಇರುವುವೆಂದು 2009ರಲ್ಲಿ ಪ್ರಕಟವಾದ ಎಣಿಕೆಯೊಂದು ತಿಳಿಸುತ್ತದೆ. ಇವುಗಳಲ್ಲಿ ಬಹುಭಾಗ ಹುಟ್ಟುವುದಕ್ಕೆ ಮುಂಚೆಯೇ ತಯಾರಾಗಿರುವುವು. ಹುಟ್ಟಿದ ಮೇಲೆ ಬೆಳೆಯುವುದು ಅವುಗಳ ಕೊಂಬೆರೆಂಬೆಗಳು. ಒಂದರ ತುದಿ ಇನ್ನೊಂದನ್ನು ಸಂಧಿಸಿ ಸುದ್ದಿ ಮುಟ್ಟಿಸುವ ಸ್ಥಾನಗಳು. ಈ ಸ್ಥಾನಕ್ಕೆ ಶಾಸ್ತ್ರಜ್ಞರು ಸಿನಾಪ್ಸ್ ಎಂದು ಹೆಸರಿಟ್ಟಿದ್ದಾರೆ. ಜೀವಮಾನವೆಲ್ಲ ಸಂಧಿಪ್ರಕರಣವನ್ನು ಪಾಠ ಹೇಳಿದ ನಮಗೆ 'ಸಂಧಿ' ಎಂಬ ಮಾತೇ ಸಾಕೆಂದು ತೋರುತ್ತದೆ.

ಈ ಸಂಧಿಗಳು ವಯಸ್ಸಿನೊಡನೆ ಹೇಗೆ ವ್ಯತ್ಯಾಸ ಹೊಂದುವುವೆಂಬುದನ್ನು ಮೊದಲು ಎಣಿಸಿ ತೋರಿಸಿದವರಲ್ಲಿ ಶಿಕಾಗೊ ನಗರದ ವೈದ್ಯ ಪೀಟರ್ ಹಟನ್‌ಲಾಕರ್ ಪ್ರಮುಖರು. ನವಜಾತ ಶಿಶುವಿನಿಂದ ತೊಂಬತ್ತು ವರ್ಷದ ವೃದ್ಧರವರೆಗೆ, ತೀರಿಹೋದವರ ಮಿದುಳಿನ ಮುಂಭಾಗದ ತುಣುಕುಗಳನ್ನು ಪ್ರಬಲವಾದ ಸೂಕ್ಷ್ಮದರ್ಶಕದಡಿಯಲ್ಲಿಟ್ಟು ಅವರು ಸಂಧಿಗಳನ್ನು ಎಣಿಸಿದರು. 1979ರಲ್ಲಿ ಪ್ರಕಟವಾದ ಫಲ ಎಲ್ಲರನ್ನೂ ಬೆರಗುಗೊಳಿಸುವಂಥದು. ಒಂದೆರಡು ವರ್ಷದ ಮಗುವಿನ ಮಿದುಳಿನಲ್ಲಿ ಸಂಧಿಗಳ ಸಾಂದ್ರತೆ ಪ್ರೌಢನದಕ್ಕಿಂತ ಸುಮಾರು ಅರ್ಧದಷ್ಟು ಹೆಚ್ಚು! ಅನಂತರ ಹದಿನಾರನೆಯ ವಯಸ್ಸಿನವರೆಗೆ ಅದು ಇಳಿಯುತ್ತ ಬರುವುದು. ಎಲ್ಲ ಭಾಗಗಳಲ್ಲಿಯೂ ಇದು ಏಕಕಾಲದಲ್ಲಿ ನಡೆಯದೆಂದು 1997ರಲ್ಲಿ ಅವರೇ ಇನ್ನೊಬ್ಬರೊಡಗೂಡಿ ತೋರಿಸಿದರು. ಕೇಳುವ ಭಾಗದಲ್ಲಿ ಸಂಧಿಗಳು ಮೂರನೆಯ ತಿಂಗಳ ಸುಮಾರಿಗೇ ತುದಿ ಮುಟ್ಟುವುವು. ವಿವೇಚನೆಗೆ ಸ್ಥಾನವಾದ ಹಣೆಯ ಹಿಂದಣ ಭಾಗದಲ್ಲಿ ಹದಿನೈದು ತಿಂಗಳಾದ ಮೇಲೆ.

ಅಂದಮೇಲೆ ಮಗು ಬೆಳೆಯುತ್ತ ಬೆಳೆಯುತ್ತ ಕಳೆದುಕೊಳ್ಳುವುದೆ? ಹೌದು, ಆದರೆ ಈ ಕಳೆತವೇ ಬೆಳೆತ. ವ್ಯಾಕರಣದಲ್ಲಿ ಆಗಮಸಂಧಿಯೆಂದೂ ಲೋಪಸಂಧಿಯೆಂದೂ ಎರಡುಂಟಷ್ಟೆ. ಅಕ್ಷರವೊಂದು ಬಂದು ಸೇರಿದರೆ ಆಗಮ, ಬಿಟ್ಟುಹೋದರೆ ಲೋಪ. ಎರಡರಿಂದಲೂ ಆಗುವ ಕಾರ್ಯ ಪದಗಳ ಕೂಡಿಕೆಯೇ. ಮಿದುಳಿನಲ್ಲಿಯೂ ಶೈಶವದಲ್ಲಿ ಆಗಮ ಮುಂದಾಗಿರುವುದು, ಬಾಲ್ಯ ಕೌಮಾರಗಳಲ್ಲಿ ಲೋಪ ಮುಂದಾಗುವುದು. ನಮ್ಮ ಹೊಲದವರಿಗೆ ಇದನ್ನು ಬೇರೆ ರೀತಿಯಲ್ಲಿ ಹೇಳಬಹುದು. ಚೆಲ್ಲಿ ಬಿತ್ತಿದ ರಾಗಿ ಒತ್ತೊತ್ತಾಗಿ ಹುಟ್ಟುವುದು. ಅದನ್ನು ಹಾಗೆಯೇ ಬಿಟ್ಟರೆ ಹಸಿರು ಕಾಣುವುದೇ ಹೊರತು ತೆನೆ ತುಂಬದು. ಕುಂಟೆ ಹೊಡೆದು ತೆಳುಮಾಡಿದರೆ ಉಳಿದ ಪೈರು ಬಲಿಯುವುದು. ಆದರೆ ಹೊಲದಲ್ಲಿ ಯಾವ ಪೈರು ಉಳಿಯಬೇಕೆಂದು ಕುಂಟೆಯು ಆರಿಸದು, ಮಿದುಳಿನಲ್ಲಿ ಆರಿಸುವುದುಂಟು. ಬಳಕೆಯಿರುವ ಸಂಧಿ ಉಳಿದು ಬಲವಾಗುವುದು, ಬಳಕೆಯಿಲ್ಲದ್ದು ಕ್ಷಯಿಸುವುದು. ಮನೆಯಲ್ಲಿ ಕೇಳಿದ ಮಾತು, ಕಂಡ ಮುಖ, ಆಡಿದ ಆಟ, ಪಟ್ಟ ಭಯ, ಇವೇ ಅಲ್ಲಿ ಆರಿಸುವ ಕೈಗಳು.

ಇದಕ್ಕೆ ಹೆಸರಾಂತ ನಿದರ್ಶನ ಹ್ಯೂಬೆಲ್ ಮತ್ತು ವೀಸೆಲ್ ಎಂಬ ಇಬ್ಬರು ನಡೆಸಿದ ಪ್ರಯೋಗ. ಬೆಕ್ಕಿನ ಮರಿಯ ಒಂದು ಕಣ್ಣನ್ನು ಮೊದಲ ತಿಂಗಳುಗಳಲ್ಲಿ ಮುಚ್ಚಿಟ್ಟು ಆಮೇಲೆ ತೆರೆದರೆ, ಕಣ್ಣಿನಲ್ಲಿ ದೋಷವಿಲ್ಲದಿದ್ದರೂ ಮಿದುಳು ಆ ಕಣ್ಣಿನಿಂದ ನೋಡದು. ಅದಕ್ಕೆ ಸಲ್ಲಬೇಕಾದ ಸ್ಥಳವನ್ನು ತೆರೆದಿದ್ದ ಕಣ್ಣು ಆಕ್ರಮಿಸಿಬಿಟ್ಟಿರುವುದು. ಬೆಳೆದ ಬೆಕ್ಕಿನ ಕಣ್ಣನ್ನು ಅಷ್ಟೇ ಕಾಲ ಮುಚ್ಚಿದರೆ ಅಂಥ ಹಾನಿಯಿಲ್ಲ. ಈ ಇಬ್ಬರಿಗೆ 1981ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಕೂಸಿನ ಕಣ್ಣಿನ ಪಾಪೆ ಬೆಳ್ಳಗೆ ಕಂಡರೆ, ಕಣ್ಣು ಓರೆಯಾಗಿದ್ದರೆ, ದೊಡ್ಡದಾದ ಮೇಲೆ ನೋಡೋಣವೆನ್ನಬಾರದೆಂದು ವೈದ್ಯರು ಹೇಳುವುದರ ಮರ್ಮ ಇದೇ.

ಧ್ವನಿಗಳ ವಿಷಯವೂ ಇಂಥದೇ. ಕೆನಡಾ ದೇಶದಲ್ಲಿ ಜಾನೆಟ್ ವರ್ಕರ್ ಎಂಬಾಕೆ 1984ರಲ್ಲಿ ಪ್ರಕಟಿಸಿದ ಪರಿಶೋಧನೆಯಲ್ಲಿ ನಮ್ಮ ಟಕಾರ ತಕಾರಗಳಿಗೆ ಒಂದು ಪಾತ್ರವುಂಟು. ಇಂಗ್ಲಿಷು ಮನೆಗಳ ಆರೆಂಟು ತಿಂಗಳ ಕೂಸುಗಳಿಗೆ ಹಿಂದಿಯ ಈ ಎರಡು ವರ್ಣಗಳ ಭೇದವನ್ನು ಕೇಳಿಸಿದರೆ, ಎಂದೂ ಹಿಂದಿಯನ್ನು ಕೇಳದಿದ್ದರೂ, ಅವು ಭೇದವನ್ನು ಹಿಡಿಯುತ್ತಿದ್ದುವು. ಹತ್ತು ಹನ್ನೆರಡು ತಿಂಗಳ ಹೊತ್ತಿಗೆ ಆ ಶಕ್ತಿ ಬಹಳಮಟ್ಟಿಗೆ ಕುಗ್ಗಿತ್ತು. ಬಳಸದ ಭೇದವನ್ನು ಕಿವಿ ಬಿಟ್ಟುಕೊಡುವುದು, ಬಳಸುವ ಭೇದವನ್ನು ಹರಿತಗೊಳಿಸುವುದು. ನಮ್ಮ ಗಡಿಯ ಕೂಸುಗಳು ಕನ್ನಡ ತೆಲುಗುಗಳೆರಡನ್ನೂ ತೊಟ್ಟಿಲಲ್ಲೇ ಕೇಳಿ ಎರಡನ್ನೂ ಗೊಂದಲವಿಲ್ಲದೆ ಆಡುವುದನ್ನು ನೋಡಿದವರಿಗೆ ಇದು ಹೊಸತಲ್ಲ. ಅದರಂತೆಯೇ, ಮನೆಯಲ್ಲಿ ಹಾಲನ್ನು 'ಆಲು' ಎಂದೇ ಕೇಳಿದ ಮಗುವಿಗೆ ಹಕಾರವನ್ನು ಕಲಿಸುವುದಕ್ಕೆ ಎಷ್ಟು ಶ್ರಮವೆಂಬುದು ನಮ್ಮ ಕಸಬಿನವರಿಗೆ ಗೊತ್ತು. ಶ್ರಮವುಂಟು, ಅಸಾಧ್ಯವಲ್ಲ.

ಈಗ ಆ ಹೆಣ್ಣುಮಗುವಿನ ವಿಷಯಕ್ಕೆ ಬರೋಣ. ಕೇಳುವ ಭಾಗ ಬಹು ಬೇಗ ಪಕ್ವವಾಗುವುದರಿಂದ ಕಿವುಡಾಗಿ ಹುಟ್ಟಿದ ಶಿಶುವಿಗೆ ಕಾಲವೇ ಧನ. ಒಳಗಿವಿಯಲ್ಲಿ ಅಳವಡಿಸುವ ಶ್ರವಣಯಂತ್ರವನ್ನು ಸುಮಾರು ಮೂರೂವರೆ ವರ್ಷದೊಳಗೆ ಹಾಕಿದ ಮಕ್ಕಳಲ್ಲಿ ಮಿದುಳು ಶಬ್ದಕ್ಕೆ ಸ್ಪಂದಿಸುವ ರೀತಿ ಬಹುಬೇಗ ಸಹಜಸ್ಥಿತಿಗೆ ಬರುವುದೆಂದೂ, ಏಳು ವರ್ಷಗಳಾಚೆಗೆ ಹಾಕಿದವರಲ್ಲಿ ಸಾಮಾನ್ಯವಾಗಿ ಹಾಗೆ ಬಾರದೆಂದೂ 2002ರಿಂದೀಚಿನ ಪರೀಕ್ಷೆಗಳು ತೋರಿಸಿವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಶಿಶುಗಳ ಕಿವಿಯನ್ನು ಪರೀಕ್ಷಿಸಿ ಮಾತು ಕಲಿಸುವ ಕಾರ್ಯವನ್ನು ದಶಕಗಳಿಂದ ನಡೆಸುತ್ತಿದೆ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಅಂಗನವಾಡಿಗಳಿಗೂ ಶಾಲೆಗಳಿಗೂ ಬಂದು ಮಕ್ಕಳನ್ನು ಪರೀಕ್ಷಿಸುವುದುಂಟು. ನಾವು ಅಜ್ಜಿಯೊಡನೆ ಶಾಸ್ತ್ರಾರ್ಥ ಹೂಡಲಿಲ್ಲ. ಮಗುವಿನ ಬೆನ್ನ ಹಿಂದೆ ಹಿತ್ತಾಳೆಯ ತಟ್ಟೆಯನ್ನು ಅವರ ಕೈಯಿಂದಲೇ ಬಡಿಸಿದೆವು. ಅಂಗಳದ ಕೋಳಿಗಳು ಚದರಿದುವು; ಮಗು ತಿರುಗಲಿಲ್ಲ. ಅಜ್ಜಿ ತಟ್ಟೆಯನ್ನು ಕೆಳಗಿಟ್ಟು ಒಂದು ಮಾತನ್ನೂ ಆಡಲಿಲ್ಲ. ಮುಂದಿನ ವಾರವೇ ಅವರೆಲ್ಲರೂ ಮೈಸೂರಿಗೆ ಹೋದರು.

ಮಗುವಿಗೆ ಯಂತ್ರವಾಯಿತು. ಆದರೆ ಯಂತ್ರದಿಂದಲೇ ಮಾತು ಬಾರದು. ದಿನವೆಲ್ಲ ಅದರೊಡನೆ ಮಾತಾಡುವವರು ಬೇಕು. ಆ ಕೆಲಸವನ್ನು ಈಗ ಅಜ್ಜಿಯೇ ವಹಿಸಿಕೊಂಡಿದ್ದಾರೆ. "ಇದು ಚೊಂಬು, ಇದು ನೀರು, ನೀರು ತಣ್ಣಗಿದೆ" ಎಂದು ಅವರು ಜಗಲಿಯಲ್ಲಿ ಹೇಳುವುದು ಬೀದಿಗೆಲ್ಲ ಕೇಳುತ್ತದೆ. ಮಗುವು ಇಪ್ಪತ್ತು ಮೂವತ್ತು ಮಾತುಗಳನ್ನು ಆಡುತ್ತದೆ. ತನ್ನ ಸಮವಯಸ್ಕರಿಗಿಂತ ಹಿಂದಿದೆ. ಆದರೆ ದಾರಿ ಹಿಡಿದಿದೆ.

ಇನ್ನು ಹುಡುಗನ ವಿಷಯ. ಮಿದುಳಿನಲ್ಲಿ ಸಂಧಿಗಳ ಲೋಪದೊಂದಿಗೆ ಇನ್ನೊಂದು ಕಾರ್ಯವೂ ನಡೆಯುತ್ತಿರುವುದು. ದೂರ ದೂರದ ಭಾಗಗಳನ್ನು ಕೂಡಿಸುವ ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಸುತ್ತುತ್ತ ಬರುವುದು. ಹೊದಿಕೆಯಿಲ್ಲದ ತಂತುವಿನಲ್ಲಿ ಸುದ್ದಿ ಸೆಕೆಂಡಿಗೆ ಸುಮಾರು ಒಂದು ಮೀಟರು ನಡೆಯುವುದು. ಒಳ್ಳೆಯ ಹೊದಿಕೆಯುಳ್ಳ ದಪ್ಪ ತಂತುವಿನಲ್ಲಿ ನೂರು ಮೀಟರಿನವರೆಗೂ ಓಡುವುದು. ಕಾಲುದಾರಿ ಹೆದ್ದಾರಿಯಾದಂತೆ. ಈ ಪಕ್ವತೆಗೆ ಒಂದು ಕ್ರಮವುಂಟು. ಅಮೆರಿಕದಲ್ಲಿ ಮಕ್ಕಳ ಮಿದುಳಿನ ಚಿತ್ರಗಳನ್ನು ಎರಡು ವರ್ಷಗಳಿಗೊಮ್ಮೆ ತೆಗೆದು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೋಟ ಚಲನೆಗಳಿಗೆ ಸಂಬಂಧಿಸಿದ ಭಾಗಗಳು ಮೊದಲು ಹದಕ್ಕೆ ಬಂದು, ಮುಂದಾಲೋಚನೆ ಮತ್ತು ನಿಗ್ರಹಗಳ ಭಾಗ ಎಲ್ಲಕ್ಕಿಂತ ಕೊನೆಗೆ ಹದವಾಗುವುದು ಕಂಡುಬಂದಿತು. ಆ ಕಾರ್ಯ ಇಪ್ಪತ್ತು ದಾಟಿದ ಮೇಲೂ ಸಾಗುವುದು. ಕೇಂಬ್ರಿಜ್ಜಿನ ಪಂಡಿತರು ಸುಮಾರು ನಾಲ್ಕು ಸಾವಿರ ಜನರ ಚಿತ್ರಗಳನ್ನು ಹೋಲಿಸಿ 2025ರಲ್ಲಿ ಹೇಳಿರುವುದು ಇನ್ನೂ ವಿಶೇಷ: ಮಿದುಳಿನ ಕೂಡುದಾರಿಗಳ ವಿನ್ಯಾಸ ಸರಾಸರಿಯಲ್ಲಿ ಒಂಬತ್ತು, ಮೂವತ್ತೆರಡು, ಅರವತ್ತಾರು, ಎಂಬತ್ತಮೂರು ಎಂಬ ವಯಸ್ಸುಗಳ ಸುಮಾರಿಗೆ ತನ್ನ ಗತಿಯನ್ನು ಬದಲಿಸುವುದಂತೆ. ಒಂಬತ್ತರಲ್ಲಿ ತೊಡಗಿದ ಗತಿ ಮೂವತ್ತೆರಡರವರೆಗೆ ನಡೆಯುವುದಂತೆ. ಮೂವತ್ತರ ಗೃಹಸ್ಥನು ಹುಡುಗನಂತೆ ನಡೆದುಕೊಳ್ಳುವನೆಂದು ಇದರ ಅರ್ಥವಲ್ಲ. ಹೆದ್ದಾರಿಯ ಕೆಲಸ ಅಲ್ಲಿಯವರೆಗೂ ನಡೆಯುತ್ತಿರುವುದೆಂದಷ್ಟೆ.

ನಮ್ಮ ನಾಡಿನ ಮಕ್ಕಳಿಗೂ ಇವೇ ಅಂಕಿಗಳು ಸಲ್ಲುವುವೋ ಎಂಬ ಪ್ರಶ್ನೆ ಸಹಜ. ಇದಕ್ಕಾಗಿಯೇ ನಿಮ್ಹಾನ್ಸ್ ಸಂಸ್ಥೆ ಮುಂದಾಗಿ, ಆರರಿಂದ ಇಪ್ಪತ್ತಮೂರು ವರ್ಷದ ಸುಮಾರು ಹತ್ತು ಸಾವಿರ ಮಂದಿಯನ್ನು ಗುರಿಯಾಗಿಟ್ಟುಕೊಂಡು ಬೆಂಗಳೂರು, ಮೈಸೂರು, ರಿಷಿ ವ್ಯಾಲಿ, ಚಂಡೀಗಡ, ಕೋಲ್ಕತ್ತ, ಇಂಫಾಲಗಳಲ್ಲಿ ಸಿವೇಡ ಎಂಬ ಅಧ್ಯಯನವನ್ನು ಕೈಕೊಂಡಿತು. ಬಡತನ, ಮನೆಯ ಕಲಹ, ದುಶ್ಚಟ ಇವು ಎಳೆಯ ಮಿದುಳನ್ನು ಹೇಗೆ ತಟ್ಟುವುವೆಂಬುದು ಅದರ ವಿಚಾರ. ಮಿದುಳು ಎಲ್ಲ ದೇಶದಲ್ಲಿಯೂ ಒಂದೇ ಆದರೂ ಅದು ಬೆಳೆಯುವ ಮನೆ ಒಂದೇ ಅಲ್ಲವಷ್ಟೆ.

ಹದಿನಾರರ ಹುಡುಗನಲ್ಲಿ ಆಸೆ ಕೋಪಗಳ ಕುದುರೆ ಬಲಿತಿರುವುದು, ಹಿಡಿಯುವ ಲಗಾಮು ಇನ್ನೂ ಹೆಣೆಯುತ್ತಿರುವುದು. ಮಗನಿಗೆ ಹದಿನಾರಾದೊಡನೆ ಮಿತ್ರನಂತೆ ಕಾಣಬೇಕೆಂದು ನಮ್ಮ ಹಿಂದಿನವರು ಹೇಳಿರುವುದು ಸುಮ್ಮನಲ್ಲ. ಮಿತ್ರನೆಂದರೆ ತೀರ್ಪು ಕೊಡುವವನಲ್ಲ, ಜೊತೆಯಲ್ಲಿ ನಿಲ್ಲುವವನು. ನಾವು ಆ ತಂದೆಗೆ ಹೇಳಿದುದು ಇಷ್ಟೆ: "ಬೇಕರಿಯ ಕೆಲಸ ಕೀಳಲ್ಲಪ್ಪ, ಇವನ ಕಥೆ ಮುಗಿಯಿತೆಂದು ಕಳಿಸುವುದು ಕೀಳು." ಅವನು ಬಹಳ ಹೊತ್ತು ತಲೆ ತಗ್ಗಿಸಿ ಕುಳಿತಿದ್ದು, "ಮನೇಲಿ ಸಾಲ ಇದೆ ಸ್ವಾಮಿ" ಎಂದನು. ಮಿದುಳಿನ ಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ಕೊನೆಗೆ ಬಸ್ಸಿನ ದಿನ ಮುಂದಕ್ಕೆ ಹೋಯಿತು. ಹುಡುಗನು ಊರಿನಲ್ಲಿಯೇ ಪಂಪುಸೆಟ್ಟು ದುರಸ್ತಿ ಮಾಡುವವರ ಬಳಿ ಹಗಲು ದುಡಿದು, ಸಂಜೆ ನಮ್ಮ ಜಗಲಿಗೆ ಬರತೊಡಗಿದನು. ಎರಡನೆಯ ಪರೀಕ್ಷೆಯಲ್ಲಿ ಎರಡು ವಿಷಯಗಳಾದುವು. ಗಣಿತವೊಂದು ಇನ್ನೂ ಉಳಿದಿದೆ. ಮೋಟಾರಿನ ಸುತ್ತುಗಳನ್ನು ತಪ್ಪದೆ ಎಣಿಸುವವನಿಗೆ ಬೀಜಗಣಿತವೇಕೆ ಒಲಿಯದೆಂದು ನಾವೂ ಅವನೂ ಕೂಡಿ ಯೋಚಿಸುತ್ತಿದ್ದೇವೆ.

ಹಾಗಾದರೆ ಮರ ಬಗ್ಗುವುದೆ? ಲಖನೌ ನಗರದ ಬಳಿಯ ಹಳ್ಳಿಗಳಲ್ಲಿ ಅಕ್ಷರವರಿಯದ ಪ್ರೌಢರಿಗೆ, ಅವರಲ್ಲಿ ಬಹುಮಂದಿ ಸ್ತ್ರೀಯರು, ಆರು ತಿಂಗಳು ನಾಗರಿ ಲಿಪಿಯನ್ನು ಕಲಿಸಿ ಮೊದಲೂ ಆಮೇಲೂ ಮಿದುಳಿನ ಚಿತ್ರ ತೆಗೆದರು. 2017ರಲ್ಲಿ ಪ್ರಕಟವಾದ ವರದಿಯಂತೆ, ನೋಟಕ್ಕೆ ಸಂಬಂಧಿಸಿದ ಮೇಲುಭಾಗಕ್ಕೂ ಮಿದುಳಿನ ಆಳದ ಪ್ರಾಚೀನ ಭಾಗಗಳಿಗೂ ನಡುವಣ ಸಂಬಂಧ ಬಿಗಿಯಾಗಿತ್ತು. ಇದನ್ನು ಓದಿದಾಗ ನಮಗೆ 1990ರ ದಶಕದ ಸಾಕ್ಷರತಾ ಆಂದೋಲನದ ರಾತ್ರಿ ತರಗತಿಗಳು ನೆನಪಾದುವು. ಹಗಲೆಲ್ಲ ಕಡಲೆಕಾಯಿ ಕಿತ್ತು ಬಂದ ಹೆಂಗಸರು ಲಾಟೀನಿನ ಬೆಳಕಿನಲ್ಲಿ ಸ್ಲೇಟು ಹಿಡಿದು ಕೂರುತ್ತಿದ್ದರು. ನಲವತ್ತು ದಾಟಿದ ಒಬ್ಬಾಕೆ ಬಸ್ಸಿನ ಹಲಗೆಯ ಮೇಲೆ 'ಮಧುಗಿರಿ' ಎಂಬುದನ್ನು ತಾನೇ ಓದಿ, ಯಾರನ್ನೂ ಕೇಳದೆ ಹತ್ತಿ ಹೋಗಿಬಂದಳು. ಆ ದಿನ ಆಕೆಯ ಮಿದುಳಿನ ಚಿತ್ರ ತೆಗೆದವರಿಲ್ಲ. ಮುಖವನ್ನು ನಾವು ನೋಡಿದೆವು.

ನಮ್ಮ ಪಾಠಶಾಲೆಯ ಮಿತ್ರರು ಇಂಥ ವಿಷಯ ಬಂದಾಗ 2016ರ ಇನ್ನೊಂದು ಅಧ್ಯಯನವನ್ನು ಹೆಮ್ಮೆಯಿಂದ ಎತ್ತುವರು. ಬಾಲ್ಯದಿಂದ ಯಜುರ್ವೇದವನ್ನು ಕಂಠಪಾಠ ಮಾಡಿದ ಇಪ್ಪತ್ತೊಂದು ಮಂದಿ ಪಂಡಿತರ ಮಿದುಳಿನಲ್ಲಿ ನೆನಪು ಮತ್ತು ಭಾಷೆಗಳಿಗೆ ಸಂಬಂಧಿಸಿದ ಕೆಲವು ಭಾಗಗಳು ಇತರರಿಗಿಂತ ದಪ್ಪವಾಗಿದ್ದುವೆಂಬುದು ಅದರ ಸಾರ. ಸಂತೋಷವೇ. ಆದರೆ ಕಂಠಪಾಠದಿಂದ ಮಿದುಳು ಹಾಗಾಯಿತೋ, ಅಂಥ ಮಿದುಳುಳ್ಳವರೇ ಕೊನೆಯವರೆಗೆ ಕಂಠಪಾಠದಲ್ಲಿ ನಿಂತರೋ ಎಂಬುದನ್ನು ಅದೊಂದೇ ಅಧ್ಯಯನ ನಿರ್ಣಯಿಸಲಾರದು. ಅಮರಕೋಶವನ್ನು ಬಾಯಿಪಾಠ ಮಾಡಿದ ನಾವು ಕನ್ನಡಕವನ್ನು ಎಲ್ಲಿಟ್ಟೆವೆಂದು ದಿನಕ್ಕೆ ಎರಡು ಸಲ ಹುಡುಕುವೆವೆಂಬುದೂ ನಿಜ.

ಆದುದರಿಂದ ಗಾದೆಯನ್ನು ಸುಳ್ಳೆನ್ನಬೇಕಾಗಿಲ್ಲ. ಅದರ ಪ್ರಶ್ನೆಗೆ ಉತ್ತರ ಒಂದೇ ಅಲ್ಲವೆಂದರೆ ಸಾಕು. ಕಣ್ಣು, ಕಿವಿ, ಮೊದಲ ನುಡಿ, ಇವುಗಳ ಬಾಗಿಲು ಬೇಗ ಕಿರಿದಾಗುವುದು. ಅಲ್ಲಿ ಒಂದು ತಿಂಗಳ ಆಲಸ್ಯವೂ ತರವಲ್ಲ. ಓದು, ಕಸಬು, ನಿಗ್ರಹ, ವಿವೇಕ, ಇವುಗಳ ಬಾಗಿಲು ಬಹುಕಾಲ ತೆರೆದಿರುವುದು. ಅಲ್ಲಿ ಆತುರದ ತೀರ್ಪು ತರವಲ್ಲ. ಕೂಸಿಗೆ ಶ್ರವಣಪರೀಕ್ಷೆ ಮಾಡಿಸದ ಮನೆಯವರು ಈ ತಿಂಗಳೇ ಮಾಡಿಸಲಿ. ಅದರೊಡನೆ, ತಿಳಿಯಲಿ ತಿಳಿಯದಿರಲಿ, ಮನೆಯ ಭಾಷೆಯಲ್ಲಿ ಧಾರಾಳವಾಗಿ ಮಾತಾಡಲಿ. ಮಗು ಒಂದು ಪರೀಕ್ಷೆಯಲ್ಲಿ ತಪ್ಪಿದ ದಿನ ಊಟದ ಹೊತ್ತಿನಲ್ಲಿ ಆ ಮಾತನ್ನು ಎತ್ತದಿರಲಿ. ಮಕ್ಕಳನ್ನು ಹೊಡೆಯುವುದನ್ನು ಶಾಲೆಗಳಲ್ಲಿ 2009ರ ಕಾಯಿದೆಯೇ ನಿಷೇಧಿಸಿದೆ; ಮನೆಗೆ ಕಾಯಿದೆ ಬರುವವರೆಗೆ ಕಾಯಬೇಕಾಗಿಲ್ಲ.

ಕೇಂಬ್ರಿಜ್ಜಿನವರ ಲೆಕ್ಕದಂತೆ ನಮ್ಮ ಮಿದುಳಿನ ಗತಿ ಇನ್ನೊಮ್ಮೆ ಬದಲಾಗುವುದಕ್ಕೆ ನಮಗೆ ಐದಾರು ವರ್ಷಗಳ ಅವಧಿಯುಂಟು. ಅಷ್ಟರೊಳಗಾಗಿ ಬೀಜಗಣಿತದ ಒಂದು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿಳಿಯಬೇಕಾಗಿದೆ. ಸಂಜೆ ಆ ಹುಡುಗನು ಕೇಳುವ ಪ್ರಶ್ನೆಗಳು ದಿನದಿಂದ ದಿನಕ್ಕೆ ಗಟ್ಟಿಯಾಗುತ್ತಿವೆ.